ಮಾಗಿಯ ಚಳಿಯೂ ಹಳೆಯ ಕಾರೂ

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಫಿಯಟ್ ವಂಶದ ಪದ್ಮಿನಿಯ ತಯಾರಿಕೆ ಅದಕ್ಕೂ ಮೊದಲೇ ನಿಂತಿತ್ತು. ಆದರೂ ಈ ಕಾರುಗಳನ್ನು ಮನೆಯ ಹಿರಿಯರಂತೆ ಜೋಪಾನ ಮಾಡುವ ಕುಟುಂಬಗಳು ಇಂದಿಗೂ ಉಂಟು. ಹಿರಿಯರಂತೆ ಇವಕ್ಕೂ ಚಳಿಯೆಂದರೆ ಆಗದು. ಮಾಗಿಯ ಮುಂಜಾನೆ ಇಂಜಿನ್ ಕೆಮ್ಮುತ್ತದೆ, ನಡುಗುತ್ತದೆ, ನಿಂತೇಬಿಡುತ್ತದೆ.

ಕಾರಣ ಸರಳವಾದುದು. ಉರಿಯುವುದು ಪೆಟ್ರೋಲಿನ ದ್ರವವಲ್ಲ, ಅದರ ಆವಿ. ತಣ್ಣಗಿನ ಇಂಜಿನ್ನಿನಲ್ಲಿ ಪೆಟ್ರೋಲು ಚೆನ್ನಾಗಿ ಆವಿಯಾಗದೆ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಮಿಶ್ರಣದಲ್ಲಿ ಪೆಟ್ರೋಲಿನ ಅಂಶವನ್ನು ಹೆಚ್ಚಿಸಿ ಆ ಕೊರತೆಯನ್ನು ತುಂಬುವುದೇ ‘ಚೋಕ್’ನ ಕೆಲಸ.

ಚೋಕ್ ಎಳೆದರೂ ಕಾರು ಹೊರಡದಿದ್ದರೆ ಸ್ಟಾರ್ಟರನ್ನು ಮತ್ತೆ ಮತ್ತೆ ಪೀಡಿಸಬಾರದು. ಬ್ಯಾಟರಿ ಬಳಲುತ್ತದೆ, ಉರಿಯದ ಪೆಟ್ರೋಲು ಸಿಲಿಂಡರಿನ ಎಣ್ಣೆಯನ್ನು ತೊಳೆದು ಸವೆತವನ್ನು ಹೆಚ್ಚಿಸುತ್ತದೆ. ಕಾರ್ಬುರೇಟರಿಗೆ ಕೈಹಾಕುವ ಮೊದಲು ಒಂದು ಸ್ಪಾರ್ಕ್ ಪ್ಲಗ್ಗನ್ನು ಕಳಚಿ ನೋಡಿ. ಅದರ ತುದಿಯೇ ಸಾಕ್ಷಿ ನುಡಿಯುತ್ತದೆ. ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ: ಪಂಪು, ಫಿಲ್ಟರು, ಚೋಕಿನ ತಂತಿಗಳನ್ನು ಪರೀಕ್ಷಿಸಿ. ತೊಯ್ದಿದ್ದರೆ ಕಿಡಿ ಹುಟ್ಟುತ್ತಿಲ್ಲ, ಇಲ್ಲವೇ ಚೋಕ್ ಅತಿಯಾಗಿದೆ: ಪ್ಲಗ್ಗನ್ನು ಒರೆಸಿ, ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ಶುಚಿಮಾಡಿ. ಮಸಿ ಕಟ್ಟಿದ್ದರೆ ಚೋಕ್ ಪೂರ್ತಿ ಹಿಂದಿರುಗುತ್ತಿಲ್ಲವೆಂದು ಶಂಕಿಸಬಹುದು.

ಇಂಜಿನ್ ಬಿಸಿಯೇರಿದಂತೆ ಚೋಕನ್ನು ಮೆಲ್ಲಮೆಲ್ಲನೆ ಒಳದೂಡಬೇಕು. ಎಲ್ಲಕ್ಕೂ ಮಿಗಿಲಾದ ಮಾತೊಂದುಂಟು: ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂದಿಗೂ ಇಂಜಿನ್ ಓಡಿಸಬೇಡಿ. ಚೋಕ್ ಎಳೆದಾಗ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹೇರಳ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರಾಣ ತೆಗೆಯುವ ಶಕ್ತಿ ಮಾತ್ರ ಉಂಟು. ಮೊದಲು ಕಾರನ್ನು ಅಂಗಳಕ್ಕೆ ತಳ್ಳಿ. ಮನೆಮಂದಿಯೆಲ್ಲ ಕೈಗೂಡಿಸಿದರೆ ಅದೇನೂ ಕಷ್ಟವಲ್ಲ.