ದೇವನಾರ್ ಕಸದ ಬೆಟ್ಟದಡಿಯ ಮೀಥೇನ್: ಕಲ್ಲಿದ್ದಲು ಗಣಿಯಂತೆ ಇಲ್ಲೂ ಅನಿಲ ಬಸಿಯುವುದು ಹೇಗೆ?

ಮುಂಬೈ: 2016ರ ಜನವರಿ ಕೊನೆಯಲ್ಲಿ ದೇವನಾರ್ ಕಸದ ಬೆಟ್ಟಕ್ಕೆ ಬಿದ್ದ ಬೆಂಕಿ ಹಲವು ದಿನ ಆರಲಿಲ್ಲ. ಹೊಗೆ ನಾಸಾದ ಉಪಗ್ರಹ ಚಿತ್ರಗಳಲ್ಲೂ ಕಾಣಿಸಿತು. ಪಾಲಿಕೆಯ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಕಿಡಿ ಎಲ್ಲಿಂದಲೇ ಬಂದಿರಲಿ, ಇಂತಹ ಬೆಂಕಿ ಬೇಗ ಆರದಂತೆ ಮಾಡುವುದು ಕಸದೊಳಗಿನ ಮೀಥೇನ್. ಕಲ್ಲಿದ್ದಲು ಗಣಿಗಳಲ್ಲಿ ಸ್ಫೋಟಕ್ಕೆ ಕಾರಣವಾಗುವುದೂ ಇದೇ ಅನಿಲ.

ಅನಿಲ ಎಲ್ಲಿಂದ ಬರುತ್ತದೆ?

ಗಾಳಿ ಸಿಗದ ಆಳದಲ್ಲಿ ಹಸಿ ಕಸ ಕೊಳೆತಾಗ ಸೂಕ್ಷ್ಮಜೀವಿಗಳು ಅನಿಲ ಉತ್ಪಾದಿಸುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮೀಥೇನ್, ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡ್. ಗಾಳಿಯಲ್ಲಿ ಮೀಥೇನ್ ಪ್ರಮಾಣ ಶೇ 5ರಿಂದ 15ರಷ್ಟಿದ್ದರೆ ಒಂದು ಕಿಡಿಗೂ ಸ್ಫೋಟಿಸಬಹುದು.

ಕಲ್ಲಿದ್ದಲಿನಲ್ಲಿ ಮೀಥೇನ್ ಸೂಕ್ಷ್ಮ ರಂಧ್ರಗಳ ಗೋಡೆಗೆ ಅಂಟಿಕೊಂಡಿರುತ್ತದೆ. ಪದರದಲ್ಲಿ ತುಂಬಿದ ನೀರಿನ ಒತ್ತಡ ಅದನ್ನು ಹಿಡಿದಿಡುತ್ತದೆ. ಬಾವಿ ಕೊರೆದು ನೀರು ಹೊರತೆಗೆದರೆ ಒತ್ತಡ ಇಳಿದು, ಅನಿಲ ಬಿರುಕುಗಳ ಮೂಲಕ ಬಾವಿಯತ್ತ ಹರಿಯುತ್ತದೆ. ಮುಂಬೈ ಮೂಲದ ರಿಲಯನ್ಸ್ ಕಂಪನಿ ಮಧ್ಯಪ್ರದೇಶದ ಶಹಡೋಲ್ ಭಾಗದಲ್ಲಿ 2017ರಿಂದ ಹೀಗೆಯೇ ಅನಿಲ ತೆಗೆಯುತ್ತಿದೆ.

ಗೋರಾಯಿಯಲ್ಲಿ ಮಾಡಿದ್ದೇನು?

ಬೋರಿವಲಿ ಸಮೀಪದ ಗೋರಾಯಿಯಲ್ಲಿ 1972ರಿಂದ ಕಸ ಸುರಿಯಲಾಗುತ್ತಿತ್ತು. ಸುಮಾರು 20 ಹೆಕ್ಟೇರ್‌ನ ಈ ಜಾಗವನ್ನು 2009ರ ಹೊತ್ತಿಗೆ ವೈಜ್ಞಾನಿಕವಾಗಿ ಮುಚ್ಚಲಾಯಿತು. ಇಂತಹ ಕಡೆ ಕಸದ ರಾಶಿಯನ್ನು ಸಮತಟ್ಟು ಮಾಡಿ, ಮೇಲೆ ನೀರು-ಗಾಳಿ ನುಸುಳದ ಹೊದಿಕೆ ಹಾಕುತ್ತಾರೆ. ಒಳಗೆ ರಂಧ್ರಗಳಿರುವ ಕೊಳವೆಗಳನ್ನು ಇಳಿಸಿ, ಬ್ಲೋವರ್‌ನಿಂದ ಮೆಲ್ಲನೆ ಅನಿಲ ಹೀರುತ್ತಾರೆ. ಹೀರಿದ ಅನಿಲವನ್ನು ಸುಡಬಹುದು, ಇಲ್ಲವೇ ವಿದ್ಯುತ್ ತಯಾರಿಕೆಗೆ ಬಳಸಬಹುದು. ಸುಟ್ಟರೂ ಲಾಭವಿದೆ: ಇಂಗಾಲದ ಡೈಆಕ್ಸೈಡ್‌ಗಿಂತ ಮೀಥೇನ್ ಹಲವು ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ.

ಹೆಚ್ಚು ಹೀರಿದರೂ ಅಪಾಯ

ಹೀರುವ ಒತ್ತಡ ಕಡಿಮೆಯಾದರೆ ಅನಿಲ ಅಕ್ಕಪಕ್ಕದ ಮಣ್ಣಿಗೆ, ಚರಂಡಿಗೆ ನುಸುಳುತ್ತದೆ. ಹೆಚ್ಚಾದರೆ ಹೊರಗಿನ ಆಮ್ಲಜನಕ ಒಳಗೆ ಸೇರಿ, ಕಸ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹಾಗಾಗಿ ಪ್ರತಿ ಬಾವಿಯಲ್ಲೂ ಮೀಥೇನ್, ಆಮ್ಲಜನಕ ಮತ್ತು ಉಷ್ಣತೆಯನ್ನು ಆಗಾಗ ಅಳೆಯಬೇಕು. ಕೆಳಗೆ ನಿಂತ ಲೀಚೆಟ್, ಅಂದರೆ ಕಸದ ರಸ, ಕೊಳವೆಯ ರಂಧ್ರ ಮುಚ್ಚಿದರೂ ಅನಿಲದ ಹರಿವು ನಿಲ್ಲುತ್ತದೆ. ಮುಂಬೈ ಮಳೆಗಾಲದಲ್ಲಿ ಇದೇ ದೊಡ್ಡ ತಲೆನೋವು.

ಈಗೇಕೆ ಮುಖ್ಯ?

ದೇವನಾರ್‌ನಲ್ಲಿ 1927ರಿಂದ ಕಸ ಬೀಳುತ್ತಾ ಬಂದಿದೆ. ತಳದಲ್ಲಿ ಹಾಳೆ ಹಾಸಿ, ಕೊಳವೆ ಜೋಡಿಸಿ ಶುರುಮಾಡಿದ ಜಾಗವಲ್ಲ ಇದು. ಇಲ್ಲಿನ 124 ಎಕರೆಯನ್ನು ಧಾರಾವಿ ಪುನರಾಭಿವೃದ್ಧಿಯ ಮನೆಗಳಿಗೆ ನೀಡಲು ಮಹಾರಾಷ್ಟ್ರ ಸರ್ಕಾರ 2024ರಲ್ಲಿ ನಿರ್ಧರಿಸಿತು. ಅದಕ್ಕೂ ಮೊದಲು ಹಳೆಯ ಕಸವನ್ನು ಅಗೆದು, ಜರಡಿ ಹಿಡಿದು ಸಾಗಿಸಬೇಕು. ಅಗೆಯುವಾಗಲೇ ಒಳಗೆ ಸಿಲುಕಿದ ಅನಿಲ ಹೊರನುಗ್ಗುವುದರಿಂದ ಮೊದಲ ಅಪಾಯ ಕಾರ್ಮಿಕರಿಗೆ, ನಂತರ ಪಕ್ಕದ ಗೋವಂಡಿ, ಶಿವಾಜಿ ನಗರದ ನಿವಾಸಿಗಳಿಗೆ. ತಳದ ಕಸ ಪೂರ್ತಿ ಹೋಗದಿದ್ದರೆ ಮುಂದೆ ಆ ಮನೆಗಳಿಗೆ ಬರುವವರಿಗೂ ಅಪಾಯ ತಪ್ಪಿದ್ದಲ್ಲ. ಮೀಥೇನ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಾಪಕವಿಲ್ಲದೆ ಅದು ಗೊತ್ತಾಗುವುದಿಲ್ಲ.