ಚಿತ್ರಗಳು ಜನರ ಸೊತ್ತು: ಲಂಡನ್ನಿನ ನ್ಯಾಷನಲ್ ಗ್ಯಾಲರಿ

ಯುರೋಪಿನ ದೊಡ್ಡ ಕಲಾಸಂಗ್ರಹಗಳಲ್ಲಿ ಹಲವು ಮೊದಲು ಅರಸರ ಅರಮನೆಗಳಲ್ಲಿದ್ದವು. ಲಂಡನ್ನಿನ ನ್ಯಾಷನಲ್ ಗ್ಯಾಲರಿ ಹಾಗಲ್ಲ. ಜಾನ್ ಜೂಲಿಯಸ್ ಆಂಗರ್‌ಸ್ಟೈನ್ ಎಂಬ ಶ್ರೀಮಂತ ವ್ಯಾಪಾರಿ ತೀರಿಕೊಂಡ ಮೇಲೆ ಅವರ 38 ಚಿತ್ರಗಳನ್ನು 1824ರಲ್ಲಿ ಬ್ರಿಟಿಷ್ ಸರಕಾರ 57,000 ಪೌಂಡ್ ಕೊಟ್ಟು ಖರೀದಿಸಿತು. ಅದೇ ವರ್ಷ ಮೇ 10ರಂದು ಪಾಲ್ ಮಾಲ್ ಬೀದಿಯಲ್ಲಿದ್ದ ಅವರ ಮನೆಯಲ್ಲೇ ಗ್ಯಾಲರಿ ಸಾರ್ವಜನಿಕರಿಗೆ ತೆರೆಯಿತು.

1838ರಲ್ಲಿ ಅದು ಟ್ರಫಾಲ್ಗರ್ ಚೌಕದ ಹೊಸ ಕಟ್ಟಡಕ್ಕೆ ಬಂತು. ನಗರದ ಪಶ್ಚಿಮದ ಸಿರಿವಂತರು ಗಾಡಿಯಲ್ಲಿ, ಪೂರ್ವದ ಬಡವರು ಕಾಲ್ನಡಿಗೆಯಲ್ಲಿ ತಲಪಬಹುದಾದ ಜಾಗ ಅದು. ಕಲ್ಲಿದ್ದಲ ಹೊಗೆಯಿಂದ ಚಿತ್ರಗಳು ಹಾಳಾಗುತ್ತಿವೆ, ದೂರದ ಕೆನ್ಸಿಂಗ್ಟನ್‌ಗೆ ಸಾಗಿಸೋಣ ಎಂಬ ಸಲಹೆ 1850ರ ದಶಕದಲ್ಲಿ ಬಂತು. ಅಷ್ಟು ದೂರ ಬಡವರು ಬರಲಾರರು ಎಂಬ ವಾದವೂ ಎದ್ದಿತು. ಕೊನೆಗೆ ಚಿತ್ರಗಳು ಅಲ್ಲೇ ಉಳಿದವು.

ಇಂದು ಇಲ್ಲಿ 13ನೇ ಶತಮಾನದಿಂದ 20ನೇ ಶತಮಾನದ ಆರಂಭದವರೆಗಿನ 2,300ಕ್ಕೂ ಹೆಚ್ಚು ಚಿತ್ರಗಳಿವೆ. ಇವುಗಳಲ್ಲಿ ಅನೇಕವು ಪ್ರಾರ್ಥನೆಗಾಗಿ ರಚಿತವಾದವು. ಪಟ್ಟಿಯಲ್ಲಿ 1ನೇ ಸಂಖ್ಯೆಯ ಚಿತ್ರವೇ ಸೆಬಾಸ್ಟಿಯಾನೊ ದೆಲ್ ಪಿಯೊಂಬೊ ಅವರ 'ಲಾಜರನ ಪುನರುಜ್ಜೀವನ'. ಕಾರ್ಡಿನಲ್ ಜೂಲಿಯೊ ದೆ ಮೆಡಿಚಿ (ಮುಂದೆ ಏಳನೇ ಕ್ಲೆಮೆಂಟ್ ಜಗದ್ಗುರುಗಳು) ಇದನ್ನು ಫ್ರಾನ್ಸಿನ ನಾರ್ಬೊನ್ ಪ್ರಧಾನಾಲಯಕ್ಕಾಗಿ ಬರೆಸಿದ್ದರು. ಅದೇ ಪ್ರಧಾನಾಲಯಕ್ಕೆಂದು ರಾಫೆಲ್ ಅವರಿಂದ ಬರೆಸಿದ 'ರೂಪಾಂತರ' ಚಿತ್ರ ರೋಮಿನಲ್ಲೇ ಉಳಿದು, ಈಗ ವ್ಯಾಟಿಕನ್ನಿನಲ್ಲಿದೆ.

1939ರಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಚಿತ್ರಗಳನ್ನು ವೇಲ್ಸ್‌ಗೆ ಸಾಗಿಸಲಾಯಿತು. 1941ರಿಂದ ಅವು ಮ್ಯಾನಡ್ ಎಂಬಲ್ಲಿನ ಕಲ್ಲುಗಣಿಯೊಳಗೆ ಭದ್ರವಾಗಿದ್ದವು. ಲಂಡನ್ನಿನ ಬರಿದಾದ ಕಟ್ಟಡದ ಮೇಲೆ ಬಾಂಬುಗಳು ಬಿದ್ದವು. ಒಂದು ಚಿತ್ರವನ್ನಾದರೂ ನಮಗೆ ತೋರಿಸಿ ಎಂದು 1942ರ ಜನವರಿಯಲ್ಲಿ 'ದಿ ಟೈಮ್ಸ್' ಪತ್ರಿಕೆಗೆ ಪತ್ರ ಬಂತು. ಅಪಾಯವಿದ್ದರೂ ಗ್ಯಾಲರಿ ಒಪ್ಪಿತು. ತಿಂಗಳಿಗೊಂದು ಚಿತ್ರ ಗಣಿಯಿಂದ ಲಂಡನ್ನಿಗೆ ಬರತೊಡಗಿತು. ಈ ಯೋಜನೆಯಲ್ಲಿ ಮೊದಲು ಬಂದದ್ದು ಟಿಷಿಯನ್ ಅವರ ಕೃತಿ: ಪುನರುತ್ಥಾನಗೊಂಡ ಯೇಸುಸ್ವಾಮಿಯ ಮುಂದೆ ಮೊಣಕಾಲೂರಿ ಕೈಚಾಚಿರುವ ಮಗ್ದಲದ ಮರಿಯ. ಮನೆಮಠ, ಬಂಧುಬಳಗ ಕಳಕೊಂಡವರ ನಗರದಲ್ಲಿ ಜನರು ನೋಡಿದ್ದು ಸಮಾಧಿಯ ಬಳಿ ಅಳುತ್ತಿದ್ದವಳಿಗೆ ದೊರೆತ ದರ್ಶನವನ್ನು.

ಬೀಗ ಹಾಕಿಟ್ಟರೆ ಚಿತ್ರ ಸುರಕ್ಷಿತ, ನಿಜ. ಆದರೆ ಅದನ್ನು ಬರೆದದ್ದು ಕಣ್ಣುಗಳಿಗಾಗಿ. ಶಾಶ್ವತ ಸಂಗ್ರಹದ ವೀಕ್ಷಣೆಗೆ ಇಂದಿಗೂ ಟಿಕೆಟ್ ಇಲ್ಲ. ಲಂಡನ್ನಿನಲ್ಲಿರುವ ನಮ್ಮ ಓದುಗರು ಬಿಡುವಿನ ಒಂದು ದಿನ ಮಕ್ಕಳನ್ನು ಕರೆದೊಯ್ದು, ಲಾಜರನ ಚಿತ್ರದ ಮುಂದೆ ನಿಂತು ಸಂತ ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯವನ್ನು ಓದಿ ಹೇಳಬಹುದು.