ಓಟದ ಆ್ಯಪ್ ಆರಿಸುವ ಮುನ್ನ: ಲೆಕ್ಕ ಸರಿಯಿದೆಯಾ? ಅದು ಯಾರ ಕೈಗೆ ಹೋಗ್ತಿದೆ?

"ಓಡೋಕೆ ಶುರು ಮಾಡಿದ್ದೀನಿ, ಯಾವ ಆ್ಯಪ್ ಹಾಕ್ಕೊಳ್ಳಲಿ?" ಗೆಳೆಯ ಗೆಳತಿಯರು ಆಗಾಗ ನನ್ನನ್ನು ಕೇಳ್ತಾರೆ. ಹೀಗೆ ಕೇಳುವವರಲ್ಲಿ ಕೆಲಸಕ್ಕೆ ಹೋಗೋ ಮೊದಲು ಕೆರೆ ಸುತ್ತ ಓಡುವವರಿದ್ದಾರೆ, ತಾಲ್ಲೂಕು ಕ್ರೀಡಾಂಗಣದಲ್ಲಿ ಪೊಲೀಸ್ ನೇಮಕಾತಿಗೆ ಅಂತ ಬೆವರು ಹರಿಸುವವರೂ ಇದ್ದಾರೆ. ಹುಡುಕಿದರೆ 'ಟಾಪ್ ಟೆನ್ ಆ್ಯಪ್‌ಗಳು' ಅನ್ನೋ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಅವೆಲ್ಲ ಯಾವುದರಲ್ಲಿ ಎಷ್ಟು ಫೀಚರ್ ಇದೆ ಅಂತ ಹೇಳುತ್ತವೆ.

ನಾನು ಬೇರೆ ಕಡೆಯಿಂದ ಶುರು ಮಾಡ್ತೀನಿ. ದೂರ ಮತ್ತು ವೇಗದ ಲೆಕ್ಕವನ್ನು ಹೆಚ್ಚುಕಡಿಮೆ ಎಲ್ಲ ಆ್ಯಪ್‌ಗಳೂ ಒಂದೇ ರೀತಿ ಮಾಡುತ್ತವೆ. ನಿಜವಾದ ವ್ಯತ್ಯಾಸ ಇರೋದು ಆ ಲೆಕ್ಕವನ್ನು ಅವು ಎಲ್ಲಿ ಇಡುತ್ತವೆ, ಯಾರಿಗೆ ತೋರಿಸುತ್ತವೆ ಅನ್ನೋದರಲ್ಲಿ. ಆ್ಯಪ್ ಆರಿಸಬೇಕಾದ್ದು ಅದನ್ನು ನೋಡಿಕೊಂಡೇ.

ಉಪಗ್ರಹಕ್ಕೆ ನೀವ್ಯಾರು ಅಂತ ಗೊತ್ತಿಲ್ಲ

ಜಿಪಿಎಸ್ ಉಪಗ್ರಹಗಳು ಮೇಲಿಂದ ನಮ್ಮನ್ನು ಗಮನಿಸುತ್ತಿರುತ್ತವೆ ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಅವು ಆಕಾಶವಾಣಿ ಇದ್ದ ಹಾಗೆ: ಈಗ ಸಮಯ ಎಷ್ಟು, ತಾವು ಎಲ್ಲಿದ್ದೇವೆ ಅನ್ನೋದನ್ನು ಬಿತ್ತರಿಸುತ್ತಲೇ ಇರುತ್ತವೆ. ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನೋದು ಅವಕ್ಕೆ ಗೊತ್ತಿಲ್ಲ. ನಿಮ್ಮ ಫೋನ್ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು, ಅವು ಬಂದು ತಲುಪಲು ತೆಗೆದುಕೊಂಡ ಸಮಯದಿಂದ ತಾನೆಲ್ಲಿದೆ ಅಂತ ತಾನೇ ಲೆಕ್ಕ ಹಾಕುತ್ತದೆ. ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಕೆಲವು ಫೋನ್‌ಗಳಲ್ಲಿ ನಮ್ಮ ಇಸ್ರೋದ ನಾವಿಕ್ ಸಂಕೇತಗಳೂ ಬಳಕೆಯಾಗುತ್ತವೆ.

ಆ್ಯಪ್ ಮಾಡೋದು ಇಷ್ಟೇ: ಕ್ಷಣಕ್ಷಣಕ್ಕೂ ಸಿಗುವ ಈ ಬಿಂದುಗಳನ್ನು ಒಂದಕ್ಕೊಂದು ಜೋಡಿಸಿ, ನಡುವಿನ ದೂರವನ್ನು ಕೂಡಿಸುತ್ತದೆ. ಓಟಗಾರರು 'ಪೇಸ್' ಅನ್ನೋದು ಒಂದು ಕಿಲೋಮೀಟರಿಗೆ ಹಿಡಿದ ಸಮಯವನ್ನು. 5 ಕಿ.ಮೀ.ಗೆ 32 ನಿಮಿಷ 30 ಸೆಕೆಂಡ್ ಹಿಡಿದರೆ ಪೇಸ್ 6 ನಿಮಿಷ 30 ಸೆಕೆಂಡ್. ಹೈಸ್ಕೂಲ್ ಗಣಿತ.

ಇದರಲ್ಲಿ ಇಂಟರ್ನೆಟ್ ಎಲ್ಲಿ ಬಂತು? ಬರಲೇ ಇಲ್ಲ. ಇಂಟರ್ನೆಟ್ ಇದ್ದರೆ ಮೊದಲ ಬಾರಿ ಉಪಗ್ರಹ ಹಿಡಿಯೋದು ಬೇಗ ಆಗುತ್ತೆ, ನಕ್ಷೆ ಕಾಣುತ್ತೆ. ಅದು ಬಿಟ್ಟರೆ ದೂರ ಅಳೆಯೋಕೆ ಇಂಟರ್ನೆಟ್ ಬೇಡ, ಖಾತೆ ಬೇಡ, ಇಮೇಲ್ ಬೇಡ, ಹುಟ್ಟಿದ ದಿನಾಂಕವೂ ಬೇಡ. ಇವನ್ನೆಲ್ಲ ಆ್ಯಪ್ ಕೇಳ್ತಿದೆ ಅಂದರೆ ಓಟ ಅಳೆಯೋದಕ್ಕಿಂತ ಹೆಚ್ಚಿನ ಉದ್ದೇಶ ಅದಕ್ಕಿದೆ.

ಲೆಕ್ಕವನ್ನು ಎಷ್ಟು ನಂಬಬೇಕು?

ಬಯಲಲ್ಲಿ, ಆಕಾಶ ತೆರೆದಿದ್ದಾಗ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ತಿರುಗಿ ಬರುವುದರಿಂದ, ದಟ್ಟ ಮರಗಳ ಕೆಳಗೆ ಅದು ಕುಗ್ಗುವುದರಿಂದ, ತಪ್ಪು ಇನ್ನೂ ಜಾಸ್ತಿ. ಈ ಅಂಕುಡೊಂಕನ್ನು ಒಂದೊಂದು ಆ್ಯಪ್ ಒಂದೊಂದು ರೀತಿ ನಯಗೊಳಿಸುತ್ತದೆ. ಅದಕ್ಕೇ ಒಂದೇ ಓಟಕ್ಕೆ ಎರಡು ಆ್ಯಪ್ ಎರಡು ಲೆಕ್ಕ ಕೊಡೋದು. ಪರದೆ ಮೇಲೆ ಕ್ಷಣಕ್ಷಣಕ್ಕೂ ಕುಣಿಯುವ ಪೇಸನ್ನು ನಾನು ನೋಡೋದೇ ಇಲ್ಲ. ಒಂದೊಂದು ಕಿಲೋಮೀಟರಿನ ಸರಾಸರಿ ಸಾಕು.

'ಆಟೋ ಪಾಸ್' ಬಗ್ಗೆಯೂ ಎಚ್ಚರ ಇರಲಿ. ಸಿಗ್ನಲ್ಲಿನಲ್ಲಿ ನಿಂತಾಗ ಗಡಿಯಾರವನ್ನೂ ನಿಲ್ಲಿಸಿಬಿಡುವ ಸೌಲಭ್ಯ ಅದು. ಪೇಸ್ ಚೆಂದ ಕಾಣುತ್ತೆ, ಆದರೆ ಸ್ಪರ್ಧೆಯ ಗಡಿಯಾರ ನಿಮಗೋಸ್ಕರ ನಿಲ್ಲಲ್ಲ. ಬೆಂಗಳೂರಿನ 10ಕೆ ತರಹದ ಓಟದಲ್ಲಿ ಆ್ಯಪ್ 10 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ತೋರಿಸಿದರೆ ಆಯೋಜಕರನ್ನು ಬೈಯಬೇಡಿ. ಪ್ರಮಾಣೀಕೃತ ಮಾರ್ಗವನ್ನು ಓಡಬಹುದಾದ ಅತಿ ಹತ್ತಿರದ ಗೆರೆಯಲ್ಲಿ ಅಳೆದು, ಕಡಿಮೆ ಬೀಳದಿರಲಿ ಅಂತ ಕಿಲೋಮೀಟರಿಗೆ 1 ಮೀಟರ್ ಹೆಚ್ಚಾಗಿಯೇ ಇಡುತ್ತಾರೆ. ಜನಜಂಗುಳಿಯಲ್ಲಿ ಆಚೀಚೆ ಸರಿದು ಓಡುವ ನಾವು ಅದಕ್ಕಿಂತ ಹೆಚ್ಚೇ ಓಡಿರುತ್ತೇವೆ.

ನೇಮಕಾತಿಗೆ ಓಡುವವರಿಗೆ ಈ ವ್ಯತ್ಯಾಸ ತಮಾಷೆಯಲ್ಲ. ರಾಜ್ಯದ ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಅಂದರೆ ಕಿಲೋಮೀಟರಿಗೆ ಸುಮಾರು 4 ನಿಮಿಷ 4 ಸೆಕೆಂಡ್. ಆ್ಯಪ್ ನೂರಕ್ಕೆ ಎರಡರಷ್ಟು ತಪ್ಪಿದರೂ 32 ಮೀಟರ್ ವ್ಯತ್ಯಾಸ, ಅಂದರೆ ಸುಮಾರು 8 ಸೆಕೆಂಡ್. ಕೆಲಸ ಸಿಗೋದು ಅಥವಾ ಕೈತಪ್ಪೋದು ಅದಕ್ಕಿಂತ ಕಡಿಮೆ ಅಂತರದಲ್ಲಿ. ಹಾಗಾಗಿ ಇವರಿಗೆ ನನ್ನ ಸಲಹೆ ಆ್ಯಪ್ ಅಲ್ಲವೇ ಅಲ್ಲ: 400 ಮೀಟರ್ ಟ್ರ್ಯಾಕು, ಒಳಗಿನ ಮೊದಲ ಲೇನು, ಫೋನಿನಲ್ಲೇ ಇರುವ ಸ್ಟಾಪ್‌ವಾಚು. ನಾಲ್ಕು ಸುತ್ತು, ಪ್ರತಿ ಸುತ್ತಿಗೆ 97 ಸೆಕೆಂಡ್.

ಉಳಿದವರೂ ಅದೇ ಟ್ರ್ಯಾಕಿನಲ್ಲಿ ತಮ್ಮ ಆ್ಯಪನ್ನು ಪರೀಕ್ಷಿಸಬಹುದು. ಮೊದಲ ಲೇನಿನಲ್ಲಿ ಐದು ಸುತ್ತು ಓಡಿದರೆ 2 ಕಿ.ಮೀ. ಆ್ಯಪ್ ಎಷ್ಟು ತೋರಿಸ್ತು ಅಂತ ನೋಡಿ. ಓಟದ ಮಧ್ಯೆ ನಕ್ಷೆಯಲ್ಲಿ ಉದ್ದನೆಯ ನೇರ ಗೆರೆ ಬಿದ್ದಿದ್ದರೆ, ಅದು ಬ್ಯಾಟರಿ ಉಳಿಸೋಕೆ ಆಂಡ್ರಾಯ್ಡ್ ಆ್ಯಪನ್ನು ನಿದ್ದೆಗೆ ಕಳಿಸಿದ ಗುರುತು. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ಆ್ಯಪಿಗೆ ನಿರ್ಬಂಧ ತೆಗೆಯಿರಿ.

ಹೆಸರಿಲ್ಲದ ಗೆರೆಗಳೂ ಮಾತಾಡುತ್ತವೆ

ಇನ್ನು ಮುಖ್ಯ ವಿಷಯ. ಸ್ಟ್ರಾವಾ ಕಂಪನಿ 2017ರ ನವೆಂಬರ್‌ನಲ್ಲಿ ತನ್ನ ಬಳಕೆದಾರರ ಓಟ, ಸೈಕಲ್ ಸವಾರಿಗಳನ್ನೆಲ್ಲ ಸೇರಿಸಿ ಜಗತ್ತಿನ ಒಂದು 'ಹೀಟ್‌ಮ್ಯಾಪ್' ಪ್ರಕಟಿಸಿತು. ಅದರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಎರಡು ತಿಂಗಳ ನಂತರ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ಗಮನಿಸಿದ: ಸಿರಿಯಾ, ಅಫ್ಘಾನಿಸ್ತಾನದ ಕತ್ತಲ ಬಯಲುಗಳ ನಡುವೆ ಅಲ್ಲಲ್ಲಿ ಬೆಳಕಿನ ಗೆರೆಗಳಿದ್ದವು. ಅಲ್ಲಿನ ಸೇನಾ ನೆಲೆಗಳೊಳಗೆ ಸೈನಿಕರು ಓಡಿದ ಹಾದಿಗಳವು. 2018ರ ಆಗಸ್ಟ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ, ಕಾರ್ಯಾಚರಣೆಯ ಪ್ರದೇಶಗಳಲ್ಲಿ ಇಂಥ ಸೌಲಭ್ಯ ಬಳಸಬಾರದು ಅಂತ ಆದೇಶಿಸಿತು. ಆಮೇಲೂ ಪಾಠ ಕಲಿತರಾ? 2024ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ 'ಲ ಮೋಂದ್' ಪತ್ರಿಕೆ, ಅಧ್ಯಕ್ಷರ ಅಂಗರಕ್ಷಕರು ಎಲ್ಲರಿಗೂ ಕಾಣುವಂತೆ ಹಾಕಿದ್ದ ಓಟಗಳಿಂದಲೇ ಆ ನಾಯಕರ ಓಡಾಟವನ್ನು ಪತ್ತೆ ಹಚ್ಚಬಹುದು ಅಂತ ತೋರಿಸಿತು.

ನಾವೇನು ಅಧ್ಯಕ್ಷರಲ್ಲವಲ್ಲ, ನಮ್ಮ ಓಟ ಯಾರಿಗೆ ಬೇಕು ಅಂತೀರಾ? ಅಧ್ಯಕ್ಷರಿಗೆ ಅಂಗರಕ್ಷಕರಾದರೂ ಇದ್ದಾರೆ. ನಿಮ್ಮ ಓಟ ಶುರುವಾಗೋದೂ ಮುಗಿಯೋದೂ ಮನೆ ಬಾಗಿಲಲ್ಲಿ. ಹತ್ತು ಓಟಗಳನ್ನು ಜೋಡಿಸಿದರೆ ನೀವು ಯಾವ ರಸ್ತೆಯಲ್ಲಿ ಇರ್ತೀರಿ, ಯಾವ ದಿನ ಎಷ್ಟು ಹೊತ್ತಿಗೆ ಒಬ್ಬರೇ ಇರ್ತೀರಿ, ಯಾವಾಗ ಊರಲ್ಲಿಲ್ಲ ಎಲ್ಲ ಗೊತ್ತಾಗುತ್ತೆ. ಬೆಳಕು ಹರಿಯೋ ಮುಂಚೆ ಓಡುವ ಹುಡುಗಿಗೆ, ಹಿಂದೆ ಬಿದ್ದವನೊಬ್ಬನಿಂದ ತಪ್ಪಿಸಿಕೊಂಡು ಬೇರೆ ಬಡಾವಣೆಗೆ ಹೋದವಳಿಗೆ ಇದು ಬರೀ ಸಿದ್ಧಾಂತದ ಚರ್ಚೆಯಲ್ಲ.

ಕಾನೂನು ಎಲ್ಲಿವರೆಗೆ ಕಾಯುತ್ತೆ?

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣಕ್ಕೆ ಹೆಸರು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಆಮೇಲೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯೋಕೆ ಆಗಬೇಕು, ಡೇಟಾ ಅಳಿಸಿ ಅಂತ ಕೇಳುವ ಹಕ್ಕಿರಬೇಕು ಅಂತ ಅದು ಹೇಳುತ್ತೆ. ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮೇಲಿನ ಮುಖ್ಯ ಕರ್ತವ್ಯಗಳು ಜಾರಿಯಾಗೋಕೆ ಅಲ್ಲಿಂದ 18 ತಿಂಗಳ ಗಡುವು.

ಇದೇ ಕಾಯ್ದೆಯಲ್ಲಿ ಎರಡು ಕಿಂಡಿಗಳಿವೆ. ಒಂದು, 17ನೇ ಸೆಕ್ಷನ್ನಿನಡಿ ಕೇಂದ್ರ ಸರ್ಕಾರ ತನಗೆ ಬೇಕಾದ ಸರ್ಕಾರಿ ಸಂಸ್ಥೆಗಳಿಗೆ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣ ಕೊಟ್ಟು, ವಿನಾಯಿತಿ ಕೊಡಬಹುದು. ಎರಡನೆಯದನ್ನು ಓಟಗಾರರು ವಿಶೇಷವಾಗಿ ಗಮನಿಸಬೇಕು: 3ನೇ ಸೆಕ್ಷನ್ನಿನ ಪ್ರಕಾರ, ನೀವೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಓಟವನ್ನು ಎಲ್ಲರಿಗೂ ಕಾಣುವಂತೆ ಇಟ್ಟಿರಿ ಅಂದರೆ ಅದನ್ನು ಯಾರು ಎತ್ತಿಕೊಂಡು ಏನು ಮಾಡಿದರೂ ಈ ಕಾಯ್ದೆಯ ಬಾಗಿಲು ತಟ್ಟೋಕೆ ಆಗಲ್ಲ. ಆ್ಯಪಿನ ಒಂದು ಸೆಟ್ಟಿಂಗ್ ನಿಮ್ಮನ್ನು ಕಾನೂನಿನ ಹೊರಗೆ ನಿಲ್ಲಿಸುತ್ತೆ.

ಹಾಗಾದರೆ ಯಾವುದು?

ದೂರ, ವೇಗ ಗೊತ್ತಾದರೆ ಸಾಕು ಅನ್ನುವ ಆಂಡ್ರಾಯ್ಡ್ ಬಳಕೆದಾರರಿಗೆ ನಾನು ಮೊದಲು ಹೇಳೋದು ಓಪನ್‌ಟ್ರ್ಯಾಕ್ಸ್. ಅದು ಓಪನ್ ಸೋರ್ಸ್, ಎಫ್-ಡ್ರಾಯ್ಡ್‌ನಲ್ಲಿ ಉಚಿತವಾಗಿ ಸಿಗುತ್ತೆ. ಇಂಟರ್ನೆಟ್ ಬಳಸುವ ಅನುಮತಿಯನ್ನೇ ಅದು ಕೇಳಲ್ಲ, ಹಾಗಾಗಿ ನಿಮ್ಮ ಓಟ ಫೋನಿನಲ್ಲೇ ಉಳಿಯುತ್ತೆ. ನಕ್ಷೆ ಸಮೇತ ಬೇಕಾದರೆ ಫಿಟೋಟ್ರ್ಯಾಕ್ ನೋಡಿ, ಅದೂ ಓಪನ್ ಸೋರ್ಸ್. ಇವೆರಡೂ ಐಫೋನಿಗೆ ಇಲ್ಲ. ಐಫೋನಿನವರು ಆ್ಯಪ್ ಸ್ಟೋರ್‌ನಲ್ಲಿರುವ ಖಾಸಗಿತನದ ವಿವರ ಓದಿ, ಕಡಿಮೆ ಕೇಳುವುದನ್ನು ಆರಿಸಿ. ಆದರೆ ಆ ವಿವರ ಬರೆದವರು ಆ್ಯಪ್ ಮಾಡಿದವರೇ ಅನ್ನೋದು ನೆನಪಿರಲಿ.

ಜೊತೆಗಾರರು, ಸವಾಲು, ಹುರಿದುಂಬಿಸುವ ಮಾತು ಬೇಕು ಅನ್ನುವವರೂ ಇದ್ದಾರೆ. ಒಂಟಿಯಾಗಿ ಓಡೋದು ಬೇಜಾರು, ನಿಜ. ಅಂಥವರಿಗೆ ಸ್ಟ್ರಾವಾ ಇದೆ, ಚಂದಾ ಇಲ್ಲದ ನೈಕಿ ರನ್ ಕ್ಲಬ್ ಇದೆ. ಆದರೆ ಶೂ ಕಂಪನಿಗಳಿಗೆ ನಮ್ಮ ಓಟದ ಮೇಲೆ ಯಾಕಿಷ್ಟು ಅಕ್ಕರೆ ಅಂತ ಒಮ್ಮೆ ಕೇಳಿಕೊಳ್ಳಿ. ಅಡಿಡಾಸ್ 2015ರಲ್ಲಿ ರನ್‌ಟಾಸ್ಟಿಕ್ಕನ್ನೂ ಆಸಿಕ್ಸ್ 2016ರಲ್ಲಿ ರನ್‌ಕೀಪರನ್ನೂ ಕೊಂಡವು. ಯಾರು ಎಷ್ಟು ಓಡ್ತಾರೆ ಅಂತ ಗೊತ್ತಿದ್ದವರಿಗೆ ಯಾರ ಶೂ ಯಾವಾಗ ಸವೆಯುತ್ತೆ ಅಂತಲೂ ಗೊತ್ತು. ಅಂಡರ್ ಆರ್ಮರ್ 2015ರಲ್ಲಿ ಕೊಂಡ ಎಂಡೊಮೊಂಡೊವನ್ನು 2020ರ ಕೊನೆಗೆ ಮುಚ್ಚಿಯೇಬಿಟ್ಟಿತು. ಅದರಲ್ಲಿ ವರ್ಷಗಟ್ಟಲೆ ಓಟ ದಾಖಲಿಸಿದ್ದವರು ಡೇಟಾ ಇಳಿಸಿಕೊಂಡು ಬೇರೆ ಮನೆ ಹುಡುಕಬೇಕಾಯ್ತು. ಹಾಗಾಗಿ ಯಾವ ಆ್ಯಪ್ ಆದರೂ ಓಟಗಳನ್ನು ಜಿಪಿಎಕ್ಸ್ ಫೈಲಾಗಿ ಇಳಿಸಿಕೊಳ್ಳೋಕೆ ಬಿಡುತ್ತಾ ನೋಡಿ. ಬಿಡದಿದ್ದರೆ ಆ ಆ್ಯಪ್ ಬೇಡ.

ಸ್ಟ್ರಾವಾದಂಥ ಆ್ಯಪನ್ನೇ ಬಳಸ್ತೀರಾದರೆ ಮೊದಲ ಓಟಕ್ಕೂ ಮುಂಚೆ ಹತ್ತು ನಿಮಿಷ ಸೆಟ್ಟಿಂಗ್ಸ್‌ನಲ್ಲಿ ಕೂತ್ಕೊಳ್ಳಿ. ಓಟಗಳು ನಿಮಗೆ ಮಾತ್ರ ಅಥವಾ ನೀವು ಒಪ್ಪಿದವರಿಗೆ ಮಾತ್ರ ಕಾಣಲಿ. ನಕ್ಷೆಯಲ್ಲಿ ಶುರು ಮತ್ತು ಕೊನೆಯ ಭಾಗ ಮರೆಯಾಗಲಿ. ಹೀಟ್‌ಮ್ಯಾಪಿಗೆ ನಿಮ್ಮ ಡೇಟಾ ಸೇರಿಸುವ ಆಯ್ಕೆಯನ್ನು ಆಫ್ ಮಾಡಿ. ಲೊಕೇಶನ್ ಅನುಮತಿ 'ಆ್ಯಪ್ ಬಳಸುವಾಗ ಮಾತ್ರ' ಅಂತಿರಲಿ. ಕಾಂಟ್ಯಾಕ್ಟ್ಸ್ ಕೇಳಿದರೆ ಕೊಡಬೇಡಿ, ಓಡೋಕೆ ಅದು ಬೇಕಿಲ್ಲ.

ಹಾಗಂತ ಇಷ್ಟಕ್ಕೇ ನಮ್ಮ ಜವಾಬ್ದಾರಿ ಮುಗಿಯಲ್ಲ. ಸುರಕ್ಷಿತವಾದ ಆಯ್ಕೆಯನ್ನು ಬಳಕೆದಾರರು ಹುಡುಕಿ ಹುಡುಕಿ ಆನ್ ಮಾಡಬೇಕಾಗಿರುವುದೇ ತಪ್ಪು. ಮೊದಲ ದಿನದಿಂದಲೇ ಎಲ್ಲ ಓಟವೂ ಖಾಸಗಿಯಾಗಿರಬೇಕು, ಬೇಕಾದವರು ತೆರೆದುಕೊಳ್ಳಲಿ ಅಂತ ಕಾನೂನು ಹೇಳಬೇಕು. ಹಾಗೆ ಹೇಳಿ ಅಂತ ಸರ್ಕಾರವನ್ನು ಕೇಳಬೇಕಾದವರು ನಾವೇ. ಅಲ್ಲಿವರೆಗೆ ನಮ್ಮ ಓಟದ ಲೆಕ್ಕವನ್ನು ನಮ್ಮ ಫೋನಿನಲ್ಲೇ ಇಟ್ಟುಕೊಳ್ಳೋಣ.